ರವಿವರ್ಮರ ದುಡಿಮೆಯೂ ಚಿತ್ರದ ಬೆಲೆಯೂ

ಧಾರವಾಡದ ನಮ್ಮ ಹಿರಿಯರ ಮನೆಯ ಪಡಸಾಲೆಯಲ್ಲಿ ಒಂದು ಸರಸ್ವತಿಯ ಪಟವಿತ್ತು. ಈಗ ಅದು ಮುಂಬಯಿಯಲ್ಲಿ ನಮ್ಮ ಎರಡು ಕೋಣೆಗಳ ಬಿಡಾರದ ಗೋಡೆಯ ಮೇಲಿದೆ. ದೇವಿಯ ಸೀರೆಯ ಅಂಚಿಗೆ ಜರಿ, ಕೊರಳಿಗೆ ಸಾಸಿವೆ ಗಾತ್ರದ ಮಣಿಗಳು, ಕಿರೀಟದ ಸುತ್ತ ಚಮಕಿ. ಇವೆಲ್ಲವನ್ನೂ ನಮ್ಮ ಅಜ್ಜಿ ಒಂದು ಚಾತುರ್ಮಾಸದ ಉದ್ದಕ್ಕೂ ಮಧ್ಯಾಹ್ನದ ಹೊತ್ತು ಬೆಳಕಿಂಡಿಯ ಕೆಳಗೆ ಕುಳಿತು ಹೊಲಿದದ್ದು. ಕಸೂತಿ ಬಲ್ಲ ಕೈ ಅದು. ಪಟದ ಕೆಳ ಅಂಚಿನಲ್ಲಿ ರವಿವರ್ಮಾ ಪ್ರೆಸ್ಸಿನ ಹೆಸರು ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆಯಾದರೂ ನಮ್ಮ ಮನೆಯಲ್ಲಿ ಯಾರೂ ಅದನ್ನು ರವಿವರ್ಮರ ಸರಸ್ವತಿ ಎಂದು ಕರೆದವರಲ್ಲ. ಅಜ್ಜಿಯ ಸರಸ್ವತಿ ಎಂದೇ ಅದರ ಹೆಸರು. ಪೇಟೆಯಲ್ಲಿ ಸುಲಭ ಬೆಲೆಗೆ ಸಿಕ್ಕ ಕಾಗದವೊಂದು ನಾಲ್ಕು ತಿಂಗಳ ದುಡಿಮೆಯಿಂದ ಮನೆಯ ಸೊತ್ತಾಯಿತು. ಇಂತಹ ಪಟಗಳು ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಇದ್ದವು. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದ ಹಲವರಿಗೆ ತಮ್ಮ ತಮ್ಮ ಊರಮನೆಯ ಗೋಡೆ ನೆನಪಾದೀತು.

ರಾಜ್ಯೋತ್ಸವದ ಸಂಚಿಕೆಗೆ ಮಲೆಯಾಳದ ಚಿತ್ರಗಾರನೊಬ್ಬನ ಚರಿತ್ರೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಆತ ತನ್ನ ಕಸುಬಿಗೆ ಕಾಲಿಡುವ ಮುನ್ನ ವ್ರತ ಹಿಡಿದದ್ದು ನಮ್ಮ ಕೊಲ್ಲೂರಿನಲ್ಲಿ. ಕೊನೆಯ ದೊಡ್ಡ ಕೆಲಸ ಮಾಡಿದ್ದು ನಮ್ಮ ಮೈಸೂರಿಗಾಗಿ. ನಡುವೆ ಹಣ ಸುರಿದು ಕೈ ಸುಟ್ಟುಕೊಂಡದ್ದು ನಾವೆಲ್ಲ ಹೊಟ್ಟೆಪಾಡಿಗಾಗಿ ಬಂದು ಸೇರಿರುವ ಈ ಮುಂಬಯಿಯಲ್ಲಿ. ಇಷ್ಟು ಸಂಬಂಧ ಸಾಲದೆ?

ರವಿವರ್ಮರು ಹುಟ್ಟಿದ್ದು ೧೮೪೮ನೆಯ ಇಸವಿಯ ಏಪ್ರಿಲ್ ೨೯ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಅರಸುಮನೆತನದೊಂದಿಗೆ ಮದುವೆಯ ನಂಟುಳ್ಳ ಕುಲ. ತಂದೆ ಸಂಸ್ಕೃತ ಪಂಡಿತರು, ತಾಯಿ ಉಮಾಂಬಾ ಕವಿತೆ ಕಟ್ಟಬಲ್ಲವರು. ಸೋದರಮಾವ ರಾಜರಾಜವರ್ಮರಿಗೆ ಚಿತ್ರ ಬರೆಯುವ ಹವ್ಯಾಸವಿತ್ತು. ತಂಜಾವೂರಿನ ಪದ್ಧತಿಯಲ್ಲಿ ಅವರ ಕೈ ಪಳಗಿತ್ತು. ಹುಡುಗ ಮನೆಯ ಬಿಳಿಗೋಡೆಗಳ ಮೇಲೆಲ್ಲ ಇದ್ದಿಲಿನಿಂದ ಪ್ರಾಣಿಗಳನ್ನು ಗೀಚಿದಾಗ ಆಳುಕಾಳುಗಳು ಗೊಣಗಿದರೂ ಮಾವ ಗದರಿಸದೆ ಕೈಗೆ ಬಣ್ಣ ಕೊಟ್ಟು ಕೂರಿಸಿಕೊಂಡರಂತೆ. ೧೮೬೨ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮಾವನೇ ಅವರನ್ನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿ ಬಿಟ್ಟರು.

ಅಲ್ಲಿಂದ ಮುಂದಿನ ಎಂಟು ವರ್ಷಗಳನ್ನು ಸ್ವಲ್ಪ ನಿಂತು ನೋಡಬೇಕು. ನೀರುಬಣ್ಣದ ಕೆಲಸ ಅವರಿಗೆ ಬೇಗ ಕೈಗೆ ಹತ್ತಿತು. ಆದರೆ ತೈಲವರ್ಣ ಆಗ ಇಲ್ಲಿಗೆ ಹೊಸದು. ಎಣ್ಣೆಯಲ್ಲಿ ಕಲೆಸಿದ ಬಣ್ಣ ನೀರುಬಣ್ಣದಂತೆ ಗಳಿಗೆಯಲ್ಲಿ ಆರುವುದಿಲ್ಲ. ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಕೆಳಗಿನ ಪದರ ಎಷ್ಟು ಆರಿದ ಮೇಲೆ ಮೇಲಿನದನ್ನು ಹಚ್ಚಬೇಕು, ಎಣ್ಣೆ ಎಷ್ಟು ಬೆರೆಸಿದರೆ ಬಣ್ಣ ಬಿರಿಯದು, ನೆರಳಿನ ಜಾಗದಲ್ಲಿ ತೆಳುವಾಗಿ, ಬೆಳಕಿನ ಜಾಗದಲ್ಲಿ ದಪ್ಪವಾಗಿ ಹೇಗೆ ಬಿಡಬೇಕು, ಇದನ್ನೆಲ್ಲ ಬಲ್ಲವರು ಹೇಳಿಕೊಡಬೇಕು, ಇಲ್ಲವೇ ಕೆಡಿಸಿ ಕೆಡಿಸಿ ಕಲಿಯಬೇಕು. ಆಸ್ಥಾನದ ಚಿತ್ರಗಾರ ರಾಮಸ್ವಾಮಿ ನಾಯ್ಕರ್ ಈ ವಿದ್ಯೆ ಬಲ್ಲವರಾಗಿದ್ದರು. ಆದರೆ ಹುಡುಗನಲ್ಲಿ ಮುಂದಿನ ಪ್ರತಿಸ್ಪರ್ಧಿಯನ್ನು ಕಂಡರೋ ಏನೋ, ಕಲಿಸಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಗುರುವಿಗೆ ತಿಳಿಯದಂತೆ ರಾತ್ರಿಯ ವೇಳೆ ಬಂದು ತನಗೆ ತಿಳಿದಷ್ಟನ್ನು ತೋರಿಸಿಕೊಟ್ಟನೆಂದು ರವಿವರ್ಮರ ಚರಿತ್ರೆಕಾರರು ಬರೆದಿದ್ದಾರೆ. ೧೮೬೮ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಗಾರರು ಮಹಾರಾಜರ ಭಾವಚಿತ್ರ ಬರೆಯಲು ಬಂದರು. ಅವರೂ ಪಾಠ ಹೇಳಲಿಲ್ಲ; ತಾವು ಕೆಲಸ ಮಾಡುವಾಗ ದೂರದಲ್ಲಿ ನಿಂತು ನೋಡಲು ಮಾತ್ರ ಬಿಟ್ಟರು. ರವಿವರ್ಮರು ಹಗಲು ನಿಂತು ನೋಡಿದರು. ಬಿಡಾರಕ್ಕೆ ಹೋಗಿ, ಕಂಡದ್ದನ್ನು ಕ್ಯಾನ್ವಾಸಿನ ಮೇಲೆ ಪರೀಕ್ಷಿಸಿದರು. ಕೆಟ್ಟರೆ ಒರೆಸಿ ಮತ್ತೆ ತೊಡಗಿದರು. ಈ ಎಂಟು ವರ್ಷಗಳಲ್ಲಿ ಕೆಟ್ಟ ಬಣ್ಣಕ್ಕೂ ಬಟ್ಟೆಗೂ ಲೆಕ್ಕ ಇಟ್ಟವರಿಲ್ಲ. ಮುಂದೆ ಅವರ ಚಿತ್ರಗಳಿಗೆ ಬೆಲೆ ಕಟ್ಟಿದ ಯಾರೂ ಆ ಲೆಕ್ಕವನ್ನು ಸೇರಿಸಿಕೊಂಡಂತೆ ಕಾಣುವುದಿಲ್ಲ.

ಈ ನಡುವೆ ೧೮೬೬ರಲ್ಲಿ ಮಾವೇಲಿಕ್ಕರದ ಭಾಗೀರಥಿಯೊಂದಿಗೆ ಅವರ ವಿವಾಹವಾಯಿತು. ಕನ್ಯೆಗೆ ಹನ್ನೆರಡು ವರ್ಷ.

೧೮೭೦ರ ಸುಮಾರಿಗೆ ಅವರು ಉತ್ತರಕ್ಕೆ ಪ್ರಯಾಣ ಬೆಳೆಸಿ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಬಂದರು. ಕೊಡಚಾದ್ರಿಯ ತಪ್ಪಲಿನ ಆ ಕಾಡುದಾರಿ ಇಂದಿನಂತೆ ಬಸ್ಸಿನ ದಾರಿಯಲ್ಲ. ದೇವಿಯ ಮುಂದೆ ನಾಲ್ವತ್ತೊಂದು ದಿನ ವ್ರತದಲ್ಲಿದ್ದು, ಇನ್ನು ಚಿತ್ರವೇ ತನ್ನ ಬಾಳು ಎಂದು ಸಂಕಲ್ಪಿಸಿ ಹಿಂದಿರುಗಿದರೆಂಬುದು ಪ್ರತೀತಿ. ದಾರಿಯಲ್ಲಿ ಕೋಳಿಕ್ಕೋಡಿನ ಸಬ್‌ಜಡ್ಜಿ ಕಿಳಕ್ಕೆ ಪಾಲಾಟ್ ಕೃಷ್ಣ ಮೆನೋನರು ತಮ್ಮ ಕುಟುಂಬದ ಚಿತ್ರ ಬರೆಸಿದರು. ಹಣ ಪಡೆದು ಬರೆದ ಮೊದಲ ಚಿತ್ರ ಅದು. ಇಂದಿನವರಿಗೆ ಇದರಲ್ಲಿ ವಿಶೇಷ ಕಾಣದು. ಆದರೆ ಆ ಕಾಲದಲ್ಲಿ ದೊಡ್ಡ ಮನೆತನದವರು ಚಿತ್ರ ಬರೆದರೆ ಅದು ವಿನೋದ. ಕೂಲಿಗೆ ಬರೆಯುವವನು ಚಿತ್ರಗಾರ ಜಾತಿಯವನು, ಆಳು. ದುಡಿಮೆಗೆ ಸಂಬಳ ತೆಗೆದುಕೊಂಡರೆ ಗೌರವ ಇಳಿಯುತ್ತದೆ ಎಂಬ ವಿಚಿತ್ರ ನ್ಯಾಯ. ಅದನ್ನು ಮುರಿದು, ಮಾಡಿದ ಕೆಲಸಕ್ಕೆ ನೇರವಾಗಿ ಹಣ ಪಡೆದ ರವಿವರ್ಮರ ಧೈರ್ಯವನ್ನು ಅವರ ಬಣ್ಣಗಾರಿಕೆಗಿಂತ ಕಡಿಮೆಯೆಂದು ನಾನು ಎಣಿಸಲಾರೆ.

ಕೀರ್ತಿ ಬೇಗನೆ ಬಂತು. ೧೮೭೩ರಲ್ಲಿ ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಹೆಂಗಸಿನ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ, ಅದೇ ವರ್ಷ ವಿಯೆನ್ನಾದ ಪ್ರದರ್ಶನದಲ್ಲೂ ಬಹುಮಾನ. ೧೮೭೬ರಲ್ಲಿ ತಾವರೆಯೆಲೆಯ ಮೇಲೆ ಓಲೆ ಬರೆಯುವ ಶಕುಂತಲೆಯ ಚಿತ್ರ ಮದರಾಸಿಗೆ ಹೋಯಿತು. ಗೌರ್ನರರಾಗಿದ್ದ ಬಕಿಂಗ್‌ಹ್ಯಾಮಿನ ಡ್ಯೂಕರು ಅದನ್ನು ಕೊಂಡುಕೊಂಡರು. ಶಾಕುಂತಲವನ್ನು ಇಂಗ್ಲಿಷಿಗೆ ತಂದ ಮೋನಿಯರ್ ವಿಲಿಯಮ್ಸರು ತಮ್ಮ ಪುಸ್ತಕದ ಮೊದಲಲ್ಲಿ ಇದನ್ನೇ ಹಾಕಿಸಿದರು.

೧೮೭೮ರಲ್ಲಿ ಅದೇ ಡ್ಯೂಕರು ತಮ್ಮ ಭಾವಚಿತ್ರ ಬರೆಸಿದರು. ಇದರ ಬಗೆಗೆ ಒಂದು ಸಂಗತಿ ಚರಿತ್ರೆಗಳಲ್ಲಿ ಬಂದಿದೆ. ಹಿಂದೆ ಒಬ್ಬ ಹೆಸರಾಂತ ಯುರೋಪಿಯನ್ ಚಿತ್ರಗಾರನ ಮುಂದೆ ಡ್ಯೂಕರು ಹದಿನೆಂಟು ಸಲ ಕುಳಿತಿದ್ದರು. ಆದರೂ ಹೋಲಿಕೆ ಬಂದಿರಲಿಲ್ಲ. ರವಿವರ್ಮರು ಅದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಮುಖವನ್ನು ಹಿಡಿದುಬಿಟ್ಟರೆಂದು ಡ್ಯೂಕರು ಬೆರಗಾದರು. ಇಲ್ಲಿ ಗಮನಿಸತಕ್ಕ ಮಾತಿದೆ. ಇಳಕಲ್ಲಿನ ನೇಕಾರ ಸೀರೆಯನ್ನು ನಾಲ್ಕು ದಿನದಲ್ಲಿ ಮುಗಿಸಿದನೆಂದರೆ ಕೊಳ್ಳುವವನು ಬೆಲೆ ಇಳಿಸಲು ನೋಡುತ್ತಾನೆ. ಹದಿನೈದು ದಿನ ಹಿಡಿಯಿತೆಂದರೆ ಬಟ್ಟೆಯನ್ನು ಮತ್ತೊಮ್ಮೆ ಮುಟ್ಟಿ ನೋಡುತ್ತಾನೆ. ಚಿತ್ರಗಾರನ ವಿಷಯದಲ್ಲಿ ಮಾತ್ರ ಕಡಿಮೆ ಹೊತ್ತು ಹೊಗಳಿಕೆಗೆ ಕಾರಣವಾಯಿತು. ಆದರೆ ಇದು ಎಲ್ಲ ಕಡೆಯ ನ್ಯಾಯವಲ್ಲ. ಅದೇ ೧೮೭೮ರ ನವೆಂಬರಿನಲ್ಲಿ ಲಂಡನ್ನಿನ ಕೋರ್ಟಿನಲ್ಲಿ ವಿಸ್ಲರ್ ಎಂಬ ಚಿತ್ರಗಾರ ಕಟಕಟೆಯಲ್ಲಿ ನಿಂತಿದ್ದ. ರಾತ್ರಿಯಾಕಾಶದಲ್ಲಿ ಬಾಣಬಿರುಸಿನ ಕಿಡಿಗಳು ಉದುರುವ ಅವನ ಚಿತ್ರಕ್ಕೆ ಇನ್ನೂರು ಗಿನಿ ಬೆಲೆಯಿಟ್ಟದ್ದನ್ನು ರಸ್ಕಿನ್ ಪಂಡಿತರು ಕಟುವಾಗಿ ಹಳಿದಿದ್ದರು. ವಿಸ್ಲರ್ ಮಾನನಷ್ಟದ ದಾವೆ ಹೂಡಿದ್ದ. ಎರಡು ದಿನದ ದುಡಿಮೆಗೆ ಇಷ್ಟು ಹಣವೇ ಎಂದು ಎದುರು ವಕೀಲರು ಕೇಳಿದಾಗ, ತಾನು ಬೆಲೆ ಕೇಳಿದ್ದು ಎರಡು ದಿನಕ್ಕಲ್ಲ, ಬಾಳಿಡೀ ಸಂಪಾದಿಸಿದ ಅರಿವಿಗೆ ಎಂದು ಆತ ಉತ್ತರ ಕೊಟ್ಟ. ದಾವೆಯಲ್ಲಿ ಅವನೇ ಗೆದ್ದರೂ ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಎಂದರೆ ನಮ್ಮ ಕವಡೆಗೆ ಸಮ. ಖರ್ಚಿನ ಹೊರೆಯಿಂದ ಮರುವರ್ಷವೇ ದಿವಾಳಿಯೆದ್ದ. ಮದರಾಸಿನಲ್ಲಿ ಮೆಚ್ಚಿಕೆ ತಂದದ್ದು ಲಂಡನ್ನಿನಲ್ಲಿ ಮನೆ ಕಳೆಯಿತು. ವ್ಯತ್ಯಾಸವೇನೆಂದರೆ, ರವಿವರ್ಮರ ಚಿತ್ರದಲ್ಲಿ ರೇಷ್ಮೆ ರೇಷ್ಮೆಯಂತೆ, ಮುತ್ತು ಮುತ್ತಿನಂತೆ ಹೊಳೆಯುತ್ತಿತ್ತು. ಎಷ್ಟು ಬೇಗ ಬರೆದಿದ್ದರೂ ನೋಡಿದವನಿಗೆ ಅದರೊಳಗೆ ಬಹಳ ದುಡಿಮೆ ಕಾಣಿಸುತ್ತಿತ್ತು.

೧೮೮೦ರಲ್ಲಿ ಆಯಿಲ್ಯಂ ತಿರುನಾಳರು ತೀರಿಕೊಂಡರು. ಮುಂದೆ ಪಟ್ಟಕ್ಕೆ ಬಂದವರ ಒಲವು ರವಿವರ್ಮರಿಗೆ ಇರಲಿಲ್ಲ. ಬಡೋದೆಯಲ್ಲಿ ದಿವಾನರಾಗಿದ್ದ ಸರ್ ಟಿ. ಮಾಧವರಾಯರು, ಹಿಂದೆ ತಿರುವಾಂಕೂರಿನಲ್ಲಿದ್ದಾಗಿನಿಂದ ಅವರನ್ನು ಬಲ್ಲವರು, ೧೮೮೧ರಲ್ಲಿ ಸಯಾಜಿರಾವ್ ಗಾಯಕವಾಡರ ಆಸ್ಥಾನಕ್ಕೆ ಕರೆಸಿಕೊಂಡರು. ಅಲ್ಲಿಂದ ಮೊದಲ್ಗೊಂಡು ರವಿವರ್ಮರ ಬಾಳೆಲ್ಲ ರೈಲಿನಲ್ಲಿ ಕಳೆಯಿತೆಂದರೂ ಸಲ್ಲುತ್ತದೆ. ೧೮೮೫ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರಗಳನ್ನು ಬರೆದರು. ೧೮೮೮ರಲ್ಲಿ ಬಡೋದೆಯ ಲಕ್ಷ್ಮೀವಿಲಾಸ ಅರಮನೆಗಾಗಿ ಹದಿನಾಲ್ಕು ಪುರಾಣಚಿತ್ರಗಳ ಕೆಲಸ ಒಪ್ಪಿಕೊಂಡರು. ಒಟ್ಟು ಐವತ್ತು ಸಾವಿರ ರೂಪಾಯಿ. ಒಂದೊಂದಕ್ಕೆ ಮೂರೂವರೆ ಸಾವಿರಕ್ಕೂ ಮಿಕ್ಕಿ ಬಿತ್ತು. ಅಂದಿನ ದಿನಕ್ಕೆ ಕೇಳಿರದ ಮೊತ್ತ. ಆ ಹಣಕ್ಕೆ ತಕ್ಕ ಕೆಲಸವೂ ನಡೆಯಿತು. ಕುಂಚ ಹಿಡಿಯುವ ಮೊದಲೇ ತಮ್ಮನೊಡನೆ ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ, ಪುರಾಣದ ಹೆಣ್ಣಿಗೆ ಯಾವ ಉಡುಗೆ ಉಡಿಸಿದರೆ ಭರತಖಂಡದ ಎಲ್ಲರಿಗೂ ತಮ್ಮವಳೆನಿಸಿಯಾಳು ಎಂದು ಹುಡುಕಿದರು. ಕೊನೆಗೆ ಸೀರೆಯನ್ನೇ ಆರಿಸಿಕೊಂಡರು. ಇಂದು ನಾವು ದಮಯಂತಿ ಎಂದೊಡನೆ ನಿರಿಗೆ ಹಿಡಿದ ಸೀರೆಯನ್ನೇ ಕಣ್ಣಮುಂದೆ ತಂದುಕೊಳ್ಳುವುದು ಆ ಅಲೆದಾಟದ ಫಲ. ನಳ-ದಮಯಂತಿ, ಶಂತನು-ಗಂಗೆ, ವಿಶ್ವಾಮಿತ್ರ-ಮೇನಕೆ, ಅರ್ಜುನ-ಸುಭದ್ರೆ ಮೊದಲಾದ ಚಿತ್ರಗಳು ಸುಮಾರು ಎರಡು ವರ್ಷಗಳಲ್ಲಿ ಸಿದ್ಧವಾದವು. ಅವನ್ನು ಜನರ ನೋಟಕ್ಕೆ ಇಟ್ಟಾಗ ಜಾತ್ರೆಯಂತೆ ಮಂದಿ ನೆರೆದರು.

ಈ ಎಲ್ಲ ತಿರುಗಾಟದ ಬೆಲೆಯನ್ನು ಮನೆಯವರು ಕೊಟ್ಟರು. ಭಾಗೀರಥಿಯವರು ಮಲೆಯಾಳದ ಪದ್ಧತಿಯಂತೆ ಮಾವೇಲಿಕ್ಕರದ ತವರಿನಲ್ಲೇ ಮಕ್ಕಳೊಡನೆ ಇದ್ದರು. ಯಜಮಾನರು ಬಡೋದೆ, ಮುಂಬಯಿ, ಮೈಸೂರು ಎಂದು ತಿರುಗುತ್ತಿದ್ದರು. ೧೮೯೧ರಲ್ಲಿ ಆಕೆ ತೀರಿಕೊಂಡರು. ೧೮೯೩ರಲ್ಲಿ ರವಿವರ್ಮರು ಒಂದು ಚಿತ್ರ ಬರೆದರು. ಮಗುವನ್ನು ಸೊಂಟದ ಮೇಲೆತ್ತಿಕೊಂಡ ತಾಯಿ, ಕಾಲ ಬಳಿ ನಾಯಿ, ಎಲ್ಲರ ನೋಟವೂ ಒಂದೇ ಕಡೆಗೆ. ಅಪ್ಪ ಬರುತ್ತಿದ್ದಾರೆ ಎಂಬುದು ಅದರ ಹೆಸರು. ಚಿತ್ರದಲ್ಲಿರುವವಳು ಅವರ ಮಗಳು ಮಹಾಪ್ರಭಾ. ಬರುವ ಅಪ್ಪ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಊರಿನಲ್ಲಿ ಸಂಸಾರ ಬಿಟ್ಟು ಈ ನಗರದ ಖೋಲಿಗಳಲ್ಲಿ ಎಂಟು ಹತ್ತು ಜನರೊಡನೆ ಮಲಗಿ, ವರ್ಷಕ್ಕೊಮ್ಮೆ ರಜೆಗೆ ಊರಿಗೆ ಹೋಗುತ್ತಿದ್ದ ನಮ್ಮ ತಂದೆಯ ಕಾಲದವರು ಈ ಚಿತ್ರವನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ. ಅದೇ ವರ್ಷ ಷಿಕಾಗೋದ ವಿಶ್ವಪ್ರದರ್ಶನಕ್ಕೆ ರವಿವರ್ಮರ ಹತ್ತು ಚಿತ್ರಗಳು ಹೋಗಿ ಎರಡು ಪದಕಗಳನ್ನು ತಂದವು.

ತಮ್ಮನ ವಿಷಯ ಹೇಳದೆ ಮುಂದೆ ಹೋಗಲಾಗದು. ಸಿ. ರಾಜರಾಜವರ್ಮರು ಅಣ್ಣನಿಗಿಂತ ಹನ್ನೆರಡು ವರ್ಷ ಕಿರಿಯರು. ತಾವೂ ಒಳ್ಳೆಯ ಚಿತ್ರಗಾರರು, ಅದರಲ್ಲೂ ಬೆಟ್ಟ, ನೀರು, ಆಕಾಶ ಬರೆಯುವುದರಲ್ಲಿ ನುರಿತವರು. ಅಣ್ಣನ ಅನೇಕ ಚಿತ್ರಗಳಲ್ಲಿ ಹಿನ್ನೆಲೆಯ ಕೆಲಸ ಅವರದೇ. ಅಷ್ಟೇ ಅಲ್ಲ, ಕಾಗದಪತ್ರ, ಲೆಕ್ಕ, ರಾಜರೊಡನೆ ಮಾತುಕತೆ, ರೈಲಿನ ಏರ್ಪಾಡು ಎಲ್ಲವನ್ನೂ ಅವರೇ ನೋಡಿಕೊಂಡರು. ೧೮೯೫ರಿಂದ ೧೯೦೪ರವರೆಗೆ ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟರು. ಅಣ್ಣನ ದುಡಿಮೆಯ ದಿನದಿನದ ವಿವರ ನಮಗೆ ದೊರೆತಿರುವುದು ಅದರಿಂದಲೇ. ಮದುವೆಯ ಮನೆಯಲ್ಲಿ ಅಡಿಗೆ ಮಾಡಿದವರ ಹೆಸರು ಹೇಗೆ ಲಗ್ನಪತ್ರಿಕೆಯಲ್ಲಿ ಇರುವುದಿಲ್ಲವೋ ಹಾಗೆ, ಅಣ್ಣನ ಹೆಸರಿನ ಚಿತ್ರಗಳಲ್ಲಿ ತಮ್ಮನ ಕೈ ಕರಗಿಹೋಯಿತು. ರವಿವರ್ಮರು ಅದನ್ನು ಬಚ್ಚಿಟ್ಟವರೇನೂ ಅಲ್ಲ. ಬಚ್ಚಿಟ್ಟವರು ಕೊಳ್ಳುವವರು: ಚಿತ್ರ ಒಬ್ಬನ ಕೈಯದೇ ಆಗಿರಬೇಕೆಂಬ ಆಸೆ ಅವರದು.

ಇನ್ನು ಮುದ್ರಣಾಲಯದ ಕಥೆ. ಎಲ್ಲರೂ ಚಿತ್ರ ಕೇಳುವವರೇ. ಬರೆಯುವ ಕೈ ಎರಡು, ನಾಲ್ಕು. ಒಳ್ಳೆಯ ಚಿತ್ರಗಳನ್ನು ಯುರೋಪಿಗೆ ಕಳುಹಿಸಿ ಬಣ್ಣದ ಅಚ್ಚು ಹಾಕಿಸಿದರೆ ಬಡವರ ಮನೆಗೂ ಮುಟ್ಟುತ್ತವೆ, ನಾಡಿಗೂ ಉಪಕಾರವಾಗುತ್ತದೆ ಎಂದು ಮಾಧವರಾಯರು ಮೊದಲೇ ಸಲಹೆ ಕೊಟ್ಟಿದ್ದರು. ರವಿವರ್ಮರು ಅದಕ್ಕೂ ಮುಂದೆ ಹೋದರು. ಬಡೋದೆಯ ಚಿತ್ರಗಳಿಂದ ಬಂದ ಹಣದ ಬಲದಿಂದ, ಗೋವರ್ಧನದಾಸ ಖಟಾವು ಮಕನಜಿ ಎಂಬ ವ್ಯಾಪಾರಿಯ ಪಾಲುಗಾರಿಕೆಯಲ್ಲಿ, ೧೮೯೪ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ತಮ್ಮದೇ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಜರ್ಮನಿಯಿಂದ ಯಂತ್ರಗಳು ಬಂದವು, ಕುಶಲಿಗಳೂ ಬಂದರು. ಅವರಲ್ಲಿ ಫ್ರಿಟ್ಜ್ ಶ್ಲೈಖರ್ ಮುಖ್ಯರು. ಮೊದಲು ಅಚ್ಚಾದದ್ದು ಶಕುಂತಲೆಯ ಜನನ.

ಕಲ್ಲಚ್ಚು ಎಂದರೆ ಗುಂಡಿ ಒತ್ತಿದೊಡನೆ ಚಿತ್ರ ಉದುರುವ ಕೆಲಸ ಎಂದು ಯಾರೂ ಭಾವಿಸಬಾರದು. ನುಣ್ಣಗೆ ತಿಕ್ಕಿದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯಬೇಕು, ಅದೂ ಎಡಬಲ ತಿರುಗಿಸಿ. ಆಮೇಲೆ ಕಲ್ಲಿಗೆ ನೀರು ಸವರಿದರೆ ಜಿಡ್ಡಿದ್ದ ಕಡೆ ನೀರು ನಿಲ್ಲದು. ಬಣ್ಣದ ಉರುಳೆ ಹೊರಳಿಸಿದರೆ ನೀರಿದ್ದ ಕಡೆ ಬಣ್ಣ ಹತ್ತದು. ಎಣ್ಣೆ ನೀರಿನ ಈ ಹಗೆತನದ ಮೇಲೆ ಇಡೀ ವಿದ್ಯೆ ನಿಂತಿದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ದೇವಿಯ ಕೆನ್ನೆಯ ಕೆಂಪಿಗೆ ಒಂದು, ಸೀರೆಯ ಹಸುರಿಗೆ ಒಂದು, ಒಡವೆಯ ಹಳದಿಗೆ ಒಂದು, ನೆರಳಿನ ಕಂದಿಗೆ ಮತ್ತೊಂದು. ಹೀಗೆ ಒಳ್ಳೆಯ ಪಟಕ್ಕೆ ಹತ್ತು ಹದಿನೈದು ಕಲ್ಲುಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಮೂಲಚಿತ್ರವನ್ನು ಎದುರಿಗಿಟ್ಟುಕೊಂಡು, ಯಾವ ಬಣ್ಣದಲ್ಲಿ ಯಾವ ಬಣ್ಣ ಎಷ್ಟು ಬೆರೆತಿದೆ ಎಂದು ಬರಿಗಣ್ಣಿನಿಂದ ಬಿಡಿಸಿ, ಒಂದೊಂದು ಕಲ್ಲಿನ ಮೇಲೂ ಸಾವಿರಾರು ಚುಕ್ಕೆಗಳನ್ನು ಇಡಬೇಕು. ಪ್ರತಿ ಹಾಳೆಯೂ ಎಷ್ಟು ಕಲ್ಲೋ ಅಷ್ಟು ಸಲ ಯಂತ್ರದ ಅಡಿಗೆ ಹೋಗಬೇಕು. ನೂಲಿನಷ್ಟು ಜರುಗಿದರೂ ಲಕ್ಷ್ಮಿಗೆ ನಾಲ್ಕು ತುಟಿ ಮೂಡುತ್ತವೆ. ಎಲ್ಲ ಮುಗಿದ ಮೇಲೆ ತೈಲಚಿತ್ರದ ಹೊಳಪು ಬರುವಂತೆ ವಾರ್ನಿಷ್ ಹಚ್ಚಬೇಕು. ಹೀಗೆ ಕಲ್ಲಿನ ಮೇಲೆ ಬಗ್ಗಿ ಬೆನ್ನು ಬಾಗಿದವರ ಹೆಸರು ಯಾವ ಪಟದ ಮೇಲೂ ಇಲ್ಲ. ಮುಂದೆ ಭಾರತದ ಮೊದಲ ಕಥಾಚಲಚ್ಚಿತ್ರಗಳನ್ನು ತೆಗೆದ ದಾದಾಸಾಹೇಬ ಫಾಲ್ಕೆಯವರೂ ಕೆಲಕಾಲ ಈ ಮುದ್ರಣಾಲಯಕ್ಕಾಗಿ ಕೆಲಸ ಮಾಡಿದ್ದರು. ಅವರ ಹೆಸರು ಉಳಿದದ್ದು ಬೇರೆ ಕಾರಣಕ್ಕೆ.

ಪಟಗಳೇನೋ ಹರಡಿದವು. ದೇವಸ್ಥಾನದ ಒಳಗೆ ಕಾಲಿಡಲು ಬಿಡದಿದ್ದ ಜನರ ಮನೆಗಳಿಗೂ ಲಕ್ಷ್ಮಿ ಸರಸ್ವತಿಯರು ಅಂಗಡಿಯ ದಾರಿಯಿಂದ ಬಂದರು. ಆದರೆ ವ್ಯಾಪಾರ ರವಿವರ್ಮರ ಕೈಗೆ ಒಗ್ಗಲಿಲ್ಲ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಡಿದು ಕೆಲಸಗಾರರು ಚೆದರಿದರು. ಮುದ್ರಣಾಲಯವನ್ನು ಲೋನಾವಳೆಯ ಹತ್ತಿರದ ಮಳವಳಿಗೆ ಸಾಗಿಸಿದರು. ಪಾಲುಗಾರ ದೂರ ಸರಿದ, ಸಾಲ ಬೆಳೆಯಿತು. ಭಾವಚಿತ್ರ ಬರೆದು ಗಳಿಸಿದ್ದನ್ನು ಯಂತ್ರದ ಬಾಯಿಗೆ ಹಾಕುತ್ತ ಕೆಲವು ವರ್ಷ ತಳ್ಳಿ, ಕಡೆಗೆ ೧೯೦೧ರಲ್ಲಿ ಶ್ಲೈಖರರಿಗೇ ಮಾರಿಬಿಟ್ಟರು. ಎಂಬತ್ತೊಂಬತ್ತು ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಸೇರಿ ಬಂದ ಮೊತ್ತ ಇಪ್ಪತ್ತೈದು ಸಾವಿರ ರೂಪಾಯಿ. ಬಡೋದೆಯ ಹದಿನಾಲ್ಕು ಚಿತ್ರಗಳಿಗೆ ಸಿಕ್ಕಿದ್ದರ ಸರಿಯಾಗಿ ಅರ್ಧ. ಒಂದೇ ಪ್ರತಿಯಿದ್ದ ಚಿತ್ರಕ್ಕೆ ಅಷ್ಟು, ಊರೂರಿಗೂ ಹೋದ ಚಿತ್ರಕ್ಕೆ ಇಷ್ಟು.

ಕಳೆದುಹೋದದ್ದು ಹಣವೊಂದೇ ಅಲ್ಲ. ಎಲ್ಲರ ಮನೆಯಲ್ಲೂ ಇರುವುದು ದೊಡ್ಡದಾಗಿರಲಾರದು ಎಂಬ ಭಾವನೆ ತಿಳಿದವರಲ್ಲಿ ಹುಟ್ಟಿತು. ಕಲ್ಕತ್ತೆಯಲ್ಲಿ ಹೊಸ ಕಲೆಯ ಗಾಳಿ ಎದ್ದಿತ್ತು. ಹ್ಯಾವೆಲ್, ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿ ಮೊದಲಾದವರು ರವಿವರ್ಮರ ಪದ್ಧತಿ ಪರದೇಶದ್ದು, ದೇವತೆಗಳು ನಾಟಕದ ಪಾತ್ರಗಳಂತಿದ್ದಾರೆ, ಅದರಲ್ಲಿ ಭಾರತೀಯ ಭಾವನೆಯಿಲ್ಲ ಎಂದು ಟೀಕಿಸಿದರು. ನೆಲದ ಮೇಲೆ ಒರಗಿ ಓಲೆ ಬರೆಯುವ ಶಕುಂತಲೆಯ ಭಂಗಿ ನಿವೇದಿತೆಗೆ ಸಭ್ಯವೆನಿಸಲಿಲ್ಲ. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ೧೯೦೯ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತದ್ದೂ ಈ ಹೊಸ ಪಂಥವನ್ನೇ. ಟೀಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ರವಿವರ್ಮರ ಕೆಲವು ದೇವತೆಗಳು ನಿಜವಾಗಿಯೂ ರಂಗದ ಪರದೆಯ ಮುಂದೆ ನಿಂತಂತೆಯೇ ಇವೆ. ಆದರೆ ಆ ಟೀಕೆಯ ಜೊತೆಯಲ್ಲಿ ಇನ್ನೊಂದು ಮಾತು ಸದ್ದಿಲ್ಲದೆ ಸೇರಿಕೊಂಡಿತು: ಇದು ಬರಿಯ ಕೈಚಳಕ, ಬರಿಯ ದುಡಿಮೆ ಎಂಬುದು. ದುಡಿಮೆಗೆ ಬರಿಯ ಎಂಬ ವಿಶೇಷಣ ಹಚ್ಚುವವರು ತೈಲವರ್ಣಕ್ಕಾಗಿ ರಾತ್ರಿ ಕದ್ದು ಕಲಿತವರಲ್ಲ, ಕಲ್ಲಿನ ಮೇಲೆ ಚುಕ್ಕೆ ಇಟ್ಟವರೂ ಅಲ್ಲ.

ಕೊನೆಯ ವರ್ಷಗಳು ಮೈಸೂರಿಗೆ ಸಲ್ಲುತ್ತವೆ. ೧೮೯೭ರಲ್ಲಿ ಬೆಂಕಿಗೆ ತುತ್ತಾದ ಹಳೆಯ ಅರಮನೆಯ ಜಾಗದಲ್ಲಿ ಹೊಸದು ಏಳುತ್ತಿತ್ತು. ಅದಕ್ಕಾಗಿ ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣಚಿತ್ರಗಳ ಒಂದು ಸಾಲನ್ನೇ ರವಿವರ್ಮರಿಗೆ ಒಪ್ಪಿಸಿದರು. ೧೯೦೪ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಚಿನ್ನದ ಪದಕ ಕೊಟ್ಟಿತು. ಸೋದರರು ಕೂಡಿಯೇ ಕೆಲಸ ಹಿಡಿದರು. ಆದರೆ ೧೯೦೫ರಲ್ಲಿ ತಮ್ಮ ರಾಜರಾಜವರ್ಮರು ನಾಲ್ವತ್ತೈದು ತುಂಬುವ ವೇಳೆಗೆ ತೀರಿಕೊಂಡರು. ಅಣ್ಣನಿಗೆ ಆಗಲೇ ಮಧುಮೇಹ, ಮೈ ಸೋತಿತ್ತು. ಆದರೂ ಒಪ್ಪಿಕೊಂಡ ಚಿತ್ರಗಳನ್ನು ಬಿಡಲಿಲ್ಲ. ದಾರಿ ಬಿಡದ ಸಮುದ್ರದ ಮೇಲೆ ರಾಮನು ಬಿಲ್ಲೆತ್ತಿ ನಿಂತ ದೊಡ್ಡ ಚಿತ್ರ ಆ ಕಾಲದ್ದು. ೧೯೦೬ರ ಅಕ್ಟೋಬರ್ ೨ರಂದು ಕಿಳಿಮಾನೂರಿನಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ರವಿವರ್ಮರು ಕಾಲವಾದರು.

ಆಮೇಲೆ ಬೆಲೆಯ ಕಥೆ ತಿರುವುಮುರುವಾಯಿತು. ಶ್ಲೈಖರರ ಕೈಯಲ್ಲಿ ಮುದ್ರಣಾಲಯ ಬಹುಕಾಲ ನಡೆಯಿತು; ಪಟಗಳು ಕ್ಯಾಲೆಂಡರಿಗೂ ಜಾಹೀರಾತಿಗೂ ಇಳಿದವು; ವಿದ್ಯಾವಂತರ ಮನೆಗಳಲ್ಲಿ ಅವು ಪಡಸಾಲೆಯಿಂದ ಅಟ್ಟಕ್ಕೆ ಏರಿದವು. ೧೯೭೨ರಲ್ಲಿ ಮಳವಳಿಯ ಆ ಕಟ್ಟಡಕ್ಕೆ ಬೆಂಕಿ ಬಿದ್ದು ಅಪಾರ ಪಟಗಳೂ ಕಲ್ಲುಗಳೂ ಹಾಳಾದವು. ಅದೇ ವರ್ಷ ಪ್ರಾಚೀನ ವಸ್ತುಗಳನ್ನೂ ಕಲಾನಿಧಿಗಳನ್ನೂ ಕಾಪಾಡುವ ಕಾಯಿದೆ ಬಂತು. ಅದರ ಮೇರೆಗೆ ೧೯೭೯ರಲ್ಲಿ ರವಿವರ್ಮರ ಚಿತ್ರಗಳು ದೇಶದ ಕಲಾನಿಧಿ ಎಂದು ಘೋಷಿತವಾಗಿ ಹೊರದೇಶಕ್ಕೆ ಮಾರುವಂತಿಲ್ಲವೆಂದಾಯಿತು. ೨೦೨೩ರಲ್ಲಿ ಮುಂಬಯಿಯ ಹರಾಜೊಂದರಲ್ಲಿ ಅವರ ಯಶೋದೆ-ಕೃಷ್ಣರ ಚಿತ್ರ ಮೂವತ್ತೆಂಟು ಕೋಟಿ ರೂಪಾಯಿಗೆ ಹೋಯಿತು. ಕೃಷ್ಣನ ಕೊರಳಿನ ಮುತ್ತು ಅಂದು ಎಷ್ಟು ಹೊಳೆಯುತ್ತಿತ್ತೋ ಇಂದೂ ಅಷ್ಟೇ. ಅದನ್ನು ಬರೆಯಲು ಹಿಡಿದ ದಿನಗಳೂ ಹೆಚ್ಚಾಗಿಲ್ಲ, ಕಡಿಮೆಯಾಗಿಲ್ಲ.

ಮೈಸೂರಿನ ಚಿತ್ರಗಳನ್ನು ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ರಜೆಗೆ ಊರಿಗೆ ಹೋದವರು ಮಕ್ಕಳನ್ನು ಕರೆದುಕೊಂಡು ಹೋಗಿ ರಾಮನ ಎದುರು ತುಸು ಹೊತ್ತು ನಿಲ್ಲಲಿ. ಎಲ್ಲರೂ ರಾಮನ ಮುಖವನ್ನು ನೋಡಿ ಮುಂದೆ ಸಾಗುತ್ತಾರೆ. ಹಿಂದಿನ ಕಡಲನ್ನೂ ಮೋಡಗಳನ್ನೂ ನೋಡಬೇಕು. ಅಂತಹ ಕಡಲನ್ನು ಎಷ್ಟೋ ವರ್ಷ ತಮ್ಮ ಬರೆದುಕೊಡುತ್ತಿದ್ದರು. ಈ ಸಲ ಅಣ್ಣ ತಾವೇ ಬರೆಯಬೇಕಾಯಿತು.

ನಮ್ಮ ಮನೆಯ ಸರಸ್ವತಿಗೆ ಕಳೆದ ಮಳೆಗಾಲದಲ್ಲಿ ಗೋಡೆಯ ತೇವ ತಗುಲಿ ಒಂದು ಮೂಲೆಯ ಕಾಗದ ಮೆತ್ತಗಾಯಿತು. ಪ್ರೆಸ್ಸಿನ ಹೆಸರು ಅರ್ಧ ಅಳಿಸಿದೆ. ಚೌಕಟ್ಟು ಬಿಚ್ಚಿ ನೋಡಿದೆವು. ಜರಿ ಕಪ್ಪಾಗಿದ್ದರೂ ಅಜ್ಜಿಯ ಹೊಲಿಗೆ ಎಲ್ಲಿಯೂ ಬಿಟ್ಟಿರಲಿಲ್ಲ. ಹಿಂಬದಿಯಲ್ಲಿ ದಾರದ ಗಂಟುಗಳನ್ನು ಎಣಿಸಲು ಮೊಮ್ಮಗಳು ಕುಳಿತಳು. ಇನ್ನೂರರ ಹತ್ತಿರ ಹೋದಾಗ ಊಟಕ್ಕೆ ಕರೆದರು, ಎಣಿಕೆ ತಪ್ಪಿಹೋಯಿತು.